ಲಾರಿಯ ಪೆಡಲೂ ಡ್ರೈವರನ ಕಾಲೂ

ಎತ್ತಿನ ಹೆಗಲು ನೋಡದೆ ನೊಗ ಹೂಡುವ ರೈತ ನಮ್ಮ ತಾಳವಾಡಿ ಸೀಮೆಯಲ್ಲಿ ಒಬ್ಬನೂ ಸಿಕ್ಕಲಾರ. ಜೋಡಿಯಲ್ಲಿ ಒಂದು ಗಿಡ್ಡ, ಇನ್ನೊಂದು ಎತ್ತರ ಆಗಿದ್ದರೆ ಹಗ್ಗವನ್ನು ಅತ್ತ ಇತ್ತ ಸರಿಸಿ, ನೊಗ ಎರಡಕ್ಕೂ ಸಮನಾಗಿ ಕೂರುವಂತೆ ಮಾಡಿಯೇ ಹೊಲಕ್ಕೆ ಇಳಿಸುತ್ತಾನೆ. ಹೆಗಲು ಬಾವು ಬಂದ ಎತ್ತನ್ನು ಹೂಡಿದವನಿಗೆ ಊರವರೇ ಛೀಮಾರಿ ಹಾಕುತ್ತಾರೆ. ಮರದ ನೇಗಿಲಿದ್ದ ಕಾಲದಲ್ಲಿ ಬಡಗಿಯು ಉಳುವವನನ್ನು ಎದುರಿಗೆ ನಿಲ್ಲಿಸಿಕೊಂಡು, ಅವನ ಸೊಂಟದ ಎತ್ತರ ನೋಡಿ ಮೇಣಿ ಕೂರಿಸುತ್ತಿದ್ದುದನ್ನು ನಾನು ಚಿಕ್ಕವನಾಗಿದ್ದಾಗ ಕಂಡಿದ್ದೇನೆ. ಇಷ್ಟೆಲ್ಲ ಬಲ್ಲ ನಾವು, ಆರು ಏಳು ಟನ್ನು ಕೋಸು ತುಂಬಿದ ಲಾರಿಯನ್ನು ಒಬ್ಬ ಹುಡುಗನ ಕೈಗೆ ಕೊಟ್ಟು ದಿಂಬಂ ಘಾಟಿ ಇಳಿಸಿಕೊಂಡು ಬಾ ಎಂದು ಕಳಿಸುವಾಗ, ಅವನ ಕಾಲು ಪೆಡಲಿಗೆ ಸರಿಯಾಗಿ ಎಟುಕುತ್ತದೆಯೇ ಎಂದು ಎಂದಾದರೂ ಕೇಳಿದ್ದೇವೆಯೆ? ನಾನಂತೂ ಕೇಳಿರಲಿಲ್ಲ. ಆ ತಪ್ಪನ್ನು ಒಪ್ಪಿಕೊಂಡೇ ಈ ಬರಹವನ್ನು ಪ್ರಾರಂಭಿಸುತ್ತೇನೆ.

ನಮ್ಮ ಮನೆಯಲ್ಲಿರುವುದು ಮುಂದೆ ಮೂತಿಯುಳ್ಳ ಹಳೆಯ ಕಾಲದ ಲಾರಿ. ಎಂಬತ್ತರ ದಶಕದ ಕೊನೆಯಲ್ಲಿ ತಯಾರಾದುದು. ನಮ್ಮ ತಂದೆಯವರು 1996ರಲ್ಲಿ ಹಳೆಯದಾಗಿಯೇ ಕೊಂಡರು. ಯಾವ ಕಂಪನಿಯದು ಎಂಬುದು ಇಲ್ಲಿ ಬೇಕಿಲ್ಲ. ಆ ಕಾಲದ ಲಾರಿಗಳೆಲ್ಲ ಈ ಒಂದು ವಿಷಯದಲ್ಲಿ ಹೆಚ್ಚು ಕಡಿಮೆ ಒಂದೇ. ವರ್ಷ ವರ್ಷವೂ ಎಫ್.ಸಿ. ಮಾಡಿಸಿ, ಇಂಜಿನು ಬಿಚ್ಚಿ ಕಟ್ಟಿ, ಇನ್ನೂ ಓಡಿಸುತ್ತಿದ್ದೇವೆ. ಇಂಥ ಲಾರಿಯ ಮೇಲೆ ಮನೆಯವರಿಗೆ ಒಂದು ಬಗೆಯ ಮೋಹವಿರುತ್ತದೆ. ಅದರ ಹಾರನ್ನು ಊರಾಚೆಯ ಕೆರೆಯ ಏರಿಯಲ್ಲಿ ಕೇಳಿದರೂ ನಮ್ಮದೇ ಎಂದು ನಾಯಿಗೆ ಕೂಡ ಗೊತ್ತಾಗುತ್ತದೆ.

ಇದನ್ನು ಇಪ್ಪತ್ತನಾಲ್ಕು ವರ್ಷ ಓಡಿಸಿದ ಡ್ರೈವರಣ್ಣ ಆರಡಿಗೆ ಹತ್ತಿರದ ಆಳು. ಕೂತರೆ ಅವರ ಮಂಡಿ ಸ್ಟಿಯರಿಂಗ್ ಚಕ್ರದ ಅಂಚಿಗೆ ತಗಲುತ್ತಿತ್ತು. ಆದುದರಿಂದ ಎಡಗಾಲನ್ನು ಹೊರಕ್ಕೆ ಚಾಚಿ, ಮಂಡಿಯನ್ನು ವಾರೆ ಮಾಡಿ ಕ್ಲಚ್ಚು ತುಳಿಯುವುದು ಅವರ ರೂಢಿ. ಐವತ್ತೆಂಟಕ್ಕೆ ಮಂಡಿ ಸವೆದಿದೆಯೆಂದು ಡಾಕ್ಟರು ಹೇಳಿದರು, ಅವರು ಕೆಲಸ ಬಿಟ್ಟರು. ವಯಸ್ಸೂ ಒಂದು ಕಾರಣವಿರಬಹುದು. ಆದರೆ ಸವೆದದ್ದು ಎಡಮಂಡಿಯೇ ಎಂಬುದನ್ನು ನಾನು ಆಮೇಲೆ ಯೋಚಿಸಿದೆ.

ಅವರ ಜಾಗಕ್ಕೆ ಬಂದ ಹುಡುಗನಿಗೆ ಇಪ್ಪತ್ತಾರು ವರ್ಷ. ಕೈ ಒಳ್ಳೆಯದು, ಕುಡಿತವಿಲ್ಲ, ಹೆವಿ ಲೈಸೆನ್ಸು ಇದೆ. ಎತ್ತರ ಐದಡಿ ಎರಡಿಂಚು. ಬಂದ ದಿನವೇ ಬೆನ್ನ ಹಿಂದಕ್ಕೆಂದು ಮನೆಯಿಂದ ಒಂದು ತಲೆದಿಂಬು ತಂದುಕೊಂಡ. ನಾವು ನಕ್ಕೆವು. ಹೋದ ಮಳೆಗಾಲದಲ್ಲಿ ಕೋಸು ತುಂಬಿಕೊಂಡು ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಆ ದಿಂಬು ಜಾರಿತು. ಬ್ರೇಕು ಒತ್ತಲು ಹೋದ ಹುಡುಗನಿಗೆ ಬೆನ್ನಿಗೆ ಆನಿಕೆಯೇ ಸಿಗಲಿಲ್ಲ. ಕಾಲು ಮುಂದಕ್ಕೆ ಹೋಗುವ ಬದಲು ಮೈ ಹಿಂದಕ್ಕೆ ಹೋಯಿತು; ಪೆಡಲಿನ ಮೇಲೆ ಉಳಿದದ್ದು ಕಾಲ್ಬೆರಳ ತುದಿ ಮಾತ್ರ, ಅದೂ ಒದ್ದೆ ಚಪ್ಪಲಿಯಲ್ಲಿ. ಪುಣ್ಯಕ್ಕೆ ಗಾಡಿ ಎರಡನೆಯ ಗೇರಿನಲ್ಲಿತ್ತು. ಹ್ಯಾಂಡ್‌ಬ್ರೇಕು ಎಳೆದು, ಬಂಪರು ತಡೆಗೋಡೆಗೆ ತಾಕಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಸಂಜೆ ಬಂದು, “ದಿಂಬು ಜಾರ್ಬುಟ್ತು ಮೇಷ್ಟ್ರೇ, ಕಾಲು ಎಟುಕ್ನಿಲ್ಲ” ಎಂದ. ನಾನು ಮೊದಲು ಅವನನ್ನೇ ಬಯ್ದೆ. ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ಹೋಗಿ ಆ ಸೀಟಿನಲ್ಲಿ ನಾನೇ ಕೂತು ನೋಡಿದೆ. ಕೂತ ಮೇಲೆ ಬಯ್ದದ್ದಕ್ಕೆ ನಾಚಿಕೆಯಾಯಿತು.

ದಿಂಬಂ ಘಾಟಿಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ದೂರದ ವಾಚಕರಿಗಾಗಿ ಹೇಳುತ್ತೇನೆ. ನಮ್ಮ ಪ್ರಸ್ಥಭೂಮಿಯಿಂದ ಬಣ್ಣಾರಿಯ ಬಯಲಿಗೆ ಇಳಿಯಬೇಕಾದರೆ ಅಲ್ಲಿ 27 ಕಡಿದಾದ ತಿರುವುಗಳು. ಒಂದೊಂದು ತಿರುವಿಗೆ ಕಡಿಮೆಯೆಂದರೂ ಎರಡು ಸಲ ಕ್ಲಚ್ಚು ಎಂದು ಹಿಡಿದರೂ ಇಳಿಯುವಾಗ 54, ಹತ್ತುವಾಗ 54, ಹೋಗಿ ಬರುವಷ್ಟರಲ್ಲಿ 108 ಸಲ ಎಡಗಾಲು ತುಳಿಯಬೇಕು. ಎದುರು ವಾಹನಕ್ಕೆ ನಿಂತು ಹೊರಡುವುದು, ಮುಂದಿನ ಲಾರಿಯ ಹಿಂದೆ ತೆವಳುವುದು ಈ ಲೆಕ್ಕದಲ್ಲಿ ಸೇರಿಲ್ಲ. ಸಾಲದ್ದಕ್ಕೆ, ಮದರಾಸು ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಘಾಟಿಯಲ್ಲಿ ಲಾರಿಗಳ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಕಾಡುಮೃಗಗಳ ದೃಷ್ಟಿಯಿಂದ ಅದು ಸರಿಯೋ, ರೈತರ ದೃಷ್ಟಿಯಿಂದ ತಪ್ಪೋ ಎಂಬ ವಾದ ಬೇರೆ. ನಮ್ಮ ಡ್ರೈವರನ ಪಾಲಿಗೆ ಅದರ ಅರ್ಥವೇನೆಂದರೆ, ಕತ್ತಲಾಗುವ ಮುಂಚೆ ಘಾಟಿ ದಾಟಬೇಕೆಂಬ ಅವಸರ. ಅವಸರದಲ್ಲಿರುವವನ ಕಾಲು ಪೆಡಲಿಗೆ ಅರ್ಧವೇ ಎಟುಕಿದರೆ ಏನಾಗುತ್ತದೆಂದು ಊಹಿಸಿಕೊಳ್ಳಬಹುದು.

ಮಾರನೆಯ ದಿನ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದೆ. ಅವನು ನೋಡಿದವನೇ, “ಇದೇನ್ ದೊಡ್ಡ ಕೆಲ್ಸ? ಪೆಡಲ್ ಕೈನ ಕಟ್ ಮಾಡಿ ನಾಕಿಂಚು ಜೋಡಿಸಿ, ಕಾಸಿ ಈ ಕಡೀಕ್ ಬಗ್ಗಿಸಿದ್ರೆ ಆಯ್ತು ಮೇಷ್ಟ್ರೇ” ಎಂದ. ಒಂದು ಗಂಟೆಯ ಕೆಲಸ, ಮುನ್ನೂರು ರೂಪಾಯಿ. ನಾನೂ ಒಪ್ಪಿಬಿಡುತ್ತಿದ್ದೆ. ಅಷ್ಟರಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು, ಬಸ್ ಡಿಪೋದಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು, ಹಾದುಹೋಗುತ್ತಿದ್ದವರು ನಿಂತರು. “ಮೇಷ್ಟ್ರೇ, ಏನ್ ಬೇಕಾದ್ರೂ ಮಾಡಿ, ಬ್ರೇಕ್ ಪೆಡಲಿಗೆ ಬೆಂಕಿ ತೋರಿಸ್ಬೇಡಿ” ಎಂದರು. ಏಕೆಂದು ಕೇಳಿದ್ದಕ್ಕೆ ಅವರು ಹೇಳಿದ್ದನ್ನೂ, ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಸನ್ನೆಗೋಲಿನ ಪಾಠವನ್ನೂ ಕೂಡಿಸಿ ಇಲ್ಲಿ ಬರೆಯುತ್ತೇನೆ.

ಪೆಡಲೆಂಬುದು ಒಂದು ಸನ್ನೆಗೋಲು. ಹಾರೆಯಿಂದ ಬಂಡೆ ಮೀಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ: ಕೈ ಹಿಡಿಯುವ ಭಾಗ ಉದ್ದವಾದಷ್ಟೂ ಶಕ್ತಿ ಕಡಿಮೆ ಸಾಕು, ಆದರೆ ಕೈ ಹೆಚ್ಚು ದೂರ ಇಳಿಯಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಪೆಡಲನ್ನು ಹೀಗೆ ಹಿಡಿಯೋಣ. ತಿರುಗುವ ಪಿನ್ನಿನಿಂದ ಕಾಲಿಡುವ ತಟ್ಟೆಗೆ 12 ಇಂಚು. ಅದೇ ಪಿನ್ನಿನಿಂದ ಮಾಸ್ಟರ್ ಸಿಲಿಂಡರನ್ನು ತಳ್ಳುವ ಸರಳಿಗೆ 2 ಇಂಚು. ಕಾಲಿನ ಒತ್ತಡ ಆರು ಪಾಲಾಗುತ್ತದೆ. 30 ಕಿಲೋ ಒತ್ತಿದರೆ ಸರಳಿನ ಮೇಲೆ 180 ಕಿಲೋ ಬೀಳುತ್ತದೆ. ಉದ್ದ ಕಾಲಿನವನಿಗೆಂದು ಪೆಡಲನ್ನು ಕತ್ತರಿಸಿ 9 ಇಂಚು ಮಾಡಿದರೆ ಆರು ಪಾಲು ಹೋಗಿ ನಾಲ್ಕೂವರೆ ಪಾಲಾಯಿತು. ಅದೇ 180 ಕಿಲೋ ಬೇಕಾದರೆ ಈಗ 40 ಕಿಲೋ ತುಳಿಯಬೇಕು. ನಿನ್ನೆಯವರೆಗೆ ನಿಲ್ಲುತ್ತಿದ್ದ ಜಾಗದಲ್ಲಿ ಇಂದು ಲಾರಿ ನಿಲ್ಲುವುದಿಲ್ಲ. ಡ್ರೈವರನು ಬ್ರೇಕು ಹಿಡಿಯುತ್ತಿಲ್ಲವೆಂದು ಲೈನರು ಬದಲಾಯಿಸುತ್ತಾ ಕೂರುತ್ತಾನೆ.

ಗಿಡ್ಡನಿಗೆಂದು ಉದ್ದ ಮಾಡಿದರೆ? ಅದರಲ್ಲಿರುವ ಮೋಸ ಇನ್ನೂ ಸೂಕ್ಷ್ಮವಾದುದು. 12 ಇಂಚಿನದು 15 ಇಂಚಾದರೆ ಏಳೂವರೆ ಪಾಲಾಗಿ ಒತ್ತಲು ಹಗುರವೇ ಆಗುತ್ತದೆ, ಡ್ರೈವರನಿಗೆ ಸಂತೋಷವೂ ಆಗುತ್ತದೆ. ಆದರೆ ಸರಳು ಒಂದಿಂಚು ಮುಂದೆ ಹೋಗಬೇಕಾದರೆ ಮೊದಲು ಆರಿಂಚು ಇಳಿಯುತ್ತಿದ್ದ ತಟ್ಟೆ ಈಗ ಏಳೂವರೆ ಇಂಚು ಇಳಿಯಬೇಕು. ಅಷ್ಟು ಜಾಗ ಕೆಳಗಿದೆಯೆ? ಎಲ್ಲ ಸರಿಯಿದ್ದ ದಿನ ಇರುತ್ತದೆ. ಬ್ರೇಕಿನ ಎಣ್ಣೆ ಸ್ವಲ್ಪ ಸೋರಿದ ದಿನ, ಲೈನರು ಸವೆದ ದಿನ, ಡ್ರಮ್ಮು ಕಾದು ಹಿಗ್ಗಿದ ದಿನ ಪೆಡಲು ಇನ್ನೂ ಕೆಳಕ್ಕೆ ಹೋಗಬೇಕು. ಆಗ ಬ್ರೇಕು ಪೂರ್ತಿ ಹಿಡಿಯುವ ಮುಂಚೆಯೇ ತಟ್ಟೆ ನೆಲಕ್ಕೆ ಬಡಿಯುತ್ತದೆ. ಆ ದಿನ ಬರುವುದು ನಮ್ಮ ಮನೆಯ ಮುಂದಲ್ಲ, ಇಪ್ಪತ್ತನೆಯ ತಿರುವಿನಲ್ಲಿ.

ಇನ್ನು ಬೆಂಕಿಯ ವಿಷಯ. ಕುಲುಮೆಯಲ್ಲಿ ಗುದ್ದಲಿಗೆ ಹದ ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಹದ ಹಾಕಿದ ಗುದ್ದಲಿಯನ್ನು ಒಲೆಗೆ ಎಸೆದರೆ ಹದ ಹೋಗುತ್ತದೆಂಬುದೂ ಗೊತ್ತು. ಕಾರ್ಖಾನೆಯಲ್ಲಿ ಅಚ್ಚಿನಲ್ಲಿ ಬಡಿದು ಹದ ಮಾಡಿದ ಪೆಡಲ್ ಕೈಗೂ ಅದೇ ನ್ಯಾಯ. ಕೆಂಪಗೆ ಕಾಸಿ ಬಗ್ಗಿಸಿದ ಜಾಗದಲ್ಲಿ ಅದರ ಗುಣ ಬದಲಾಗುತ್ತದೆ. ಬೆಸುಗೆ ಹಾಕಿದ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ, ದಿನಕ್ಕೆ ನೂರಾರು ಸಲ ತುಳಿದಂತೆಲ್ಲ ಬೆಳೆಯುತ್ತದೆ. ಮೆಲ್ಲಗೆ ಒತ್ತುವ ದಿನಗಳಲ್ಲಿ ಅದು ಮುರಿಯುವುದಿಲ್ಲ. ಹಸು ಅಡ್ಡ ಬಂತೆಂದು ಮೈಭಾರವನ್ನೆಲ್ಲ ಹಾಕಿ ಒತ್ತಿದಾಗ ಮುರಿಯುತ್ತದೆ. ವೆಲ್ಡಿಂಗಿನವರ ಕೈಗುಣವನ್ನು ನಾನು ಹಳಿಯುತ್ತಿಲ್ಲ. ಗೇಟು, ಟ್ರೈಲರು, ಕಬ್ಬಿಣದ ಮಂಚ ಇವುಗಳಲ್ಲಿ ನಮ್ಮ ಕಡೆಯವರು ನಿಪುಣರು. ಬ್ರೇಕಿನ ಪೆಡಲು ಮಾತ್ರ ಆ ಅಂಗಡಿಯ ಕೆಲಸವಲ್ಲವೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಹಾಗಾದರೆ ಗಿಡ್ಡನೂ ಉದ್ದನೂ ಹಾಗೆಯೇ ನರಳಬೇಕೆ? ಬೇಡ. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಇದನ್ನು ತಿಳಿದ ಮೇಲೆ ನನಗೆ ದಾರಿ ಕಂಡಿತು.

ನಮ್ಮ ದೇಶದ ಹಳೆಯ ಲಾರಿಗಳು ಹುಟ್ಟಿದ್ದು ಎರಡು ಮನೆಗಳಲ್ಲಿ. 1954ರಲ್ಲಿ ಟೆಲ್ಕೊ ಕಂಪನಿಯು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡತೊಡಗಿತು. 1955ರಲ್ಲಿ ಮದರಾಸಿನ ಅಶೋಕ್ ಮೋಟಾರ್ಸ್ ಕಂಪನಿಯು ಬ್ರಿಟನ್ನಿನ ಲೇಲ್ಯಾಂಡ್ ಜೊತೆ ಸೇರಿ ಅಶೋಕ್ ಲೇಲ್ಯಾಂಡ್ ಆಯಿತು. ಹೊಸೂರಿನ ನಮ್ಮ ಕನ್ನಡ ಬಂಧುಗಳು ತಮ್ಮ ಊರಿನಲ್ಲೇ 1980ರಿಂದ ಅದರ ಕಾರ್ಖಾನೆಯನ್ನು ನೋಡುತ್ತಿದ್ದಾರೆ. ಮೊದಮೊದಲ ಲಾರಿಗಳ ನಕ್ಷೆ ಬಂದದ್ದು ಹೊರದೇಶದಿಂದ, ಅಂದರೆ ಅಲ್ಲಿನ ಆಳಿನ ಅಳತೆಯಿಂದ. ಅಷ್ಟೇ ಆಗಿದ್ದರೆ ಒಂದು ಮಾತು. ಆ ದಶಕಗಳಲ್ಲಿ ಕಾರ್ಖಾನೆಯು ಬಹುಪಾಲು ಕೊಡುತ್ತಿದ್ದುದು ಚಾಸಿಯನ್ನು ಮಾತ್ರ: ಇಂಜಿನು, ಚಕ್ರ, ಸ್ಟಿಯರಿಂಗು, ಪೆಡಲು. ಕೊಂಡವನು ಅದರ ಮೇಲೆ ಒಂದು ಹಲಗೆಯನ್ನೋ ಪೆಟ್ಟಿಗೆಯನ್ನೋ ಇಟ್ಟು, ಅದರ ಮೇಲೆ ಕೂತು, ಗಾಳಿ ಮಳೆಯಲ್ಲಿ ಓಡಿಸಿಕೊಂಡು ಬಾಡಿ ಕಟ್ಟುವವರ ಬಳಿಗೆ ತರುತ್ತಿದ್ದ. ನಮ್ಮ ಭಾಗಕ್ಕೆ ನಾಮಕ್ಕಲ್, ತಿರುಚೆಂಗೋಡು ಕಡೆ ಈ ಕೆಲಸಕ್ಕೆ ಹೆಸರಾದುವು. ಅಲ್ಲಿನ ಬಡಗಿಯು ಮರದ ಕ್ಯಾಬಿನ್ನು ಕಟ್ಟಿ, ಅದರೊಳಗೆ ತನಗೆ ಸರಿಕಂಡಷ್ಟು ಎತ್ತರಕ್ಕೆ ಒಂದು ಪೆಟ್ಟಿಗೆ ಹೊಡೆದು, ಮೇಲೆ ತೆಂಗಿನ ನಾರಿನ ಮೆತ್ತೆ ಹಾಸಿ ಸೀಟು ಎಂದು ಕೊಡುತ್ತಿದ್ದ. ಪೆಡಲು ಒಬ್ಬನ ಅಳತೆ, ಸೀಟು ಇನ್ನೊಬ್ಬನ ಅಂದಾಜು. ಇಬ್ಬರೂ ನಮ್ಮ ಡ್ರೈವರನನ್ನು ಕಂಡವರಲ್ಲ.

ಅಂದಮೇಲೆ ತಿದ್ದಬೇಕಾದುದು ಯಾವುದು? ಕಾರ್ಖಾನೆಯವನು ಲೆಕ್ಕಹಾಕಿ ಮಾಡಿದ ಪೆಡಲಲ್ಲ, ಬಡಗಿ ಅಂದಾಜಿನಲ್ಲಿ ಇಟ್ಟ ಸೀಟು. ಪೆಡಲನ್ನು ಕಾಲಿನ ಬಳಿಗೆ ತರುವುದಕ್ಕಿಂತ ಕಾಲನ್ನು ಪೆಡಲಿನ ಬಳಿಗೆ ಒಯ್ಯುವುದು ಸುಲಭ, ಅಪಾಯವೂ ಇಲ್ಲ.

ಶಿಕ್ಷಕರ ತರಬೇತಿಯಲ್ಲಿ ನಮಗೆ ಬೆಂಚಿನ ಪಾಠವೊಂದಿತ್ತು. ಮಗು ಕೂತಾಗ ಪಾದ ನೆಲಕ್ಕೆ ಪೂರ್ತಿ ಊರಬೇಕು, ಮಂಡಿ ಮೂಲೆಮಟ್ಟದಂತೆ ಮಡಿಯಬೇಕು, ಬೆನ್ನಿಗೆ ಆನಿಕೆ ಇರಬೇಕು. ಕಾಲು ಜೋತಾಡುವ ಮಗು ಅರ್ಧ ಗಂಟೆಯಲ್ಲಿ ಚಡಪಡಿಸುತ್ತದೆ, ಅಕ್ಷರ ವಾರೆಯಾಗುತ್ತದೆ. ಪರೀಕ್ಷೆಗೆ ಬರೆದು ಮರೆತಿದ್ದ ಪಾಠ. ಅದನ್ನೇ ಈಗ ಲಾರಿಗೆ ಅನ್ವಯಿಸಿದೆ. ಹುಡುಗನನ್ನು ಕೂರಿಸಿ, ಪೃಷ್ಠವನ್ನು ಸೀಟಿನ ಹಿಂಭಾಗಕ್ಕೆ ಒತ್ತಿಸಿ, ಕ್ಲಚ್ಚನ್ನು ನೆಲದವರೆಗೆ ತುಳಿ ಎಂದೆ. ಆಗ ಮಂಡಿ ಇನ್ನೂ ಸ್ವಲ್ಪ ಮಡಿಚಿಯೇ ಇರಬೇಕು. ಕಾಲು ಪೂರ್ತಿ ನೆಟ್ಟಗಾದರೆ ಸೀಟು ದೂರವಾಯಿತೆಂದೂ, ತುಳಿಯದೆ ಇರುವಾಗ ಮಂಡಿ ಚಕ್ರಕ್ಕೆ ತಾಗಿದರೆ ಹತ್ತಿರವಾಯಿತೆಂದೂ ತಿಳಿಯಬೇಕು. ನಮ್ಮ ಹುಡುಗನ ಕಾಲು ನೆಟ್ಟಗಾದದ್ದಲ್ಲದೆ ಸೊಂಟವೇ ಸೀಟಿನಿಂದ ಮೇಲೆದ್ದಿತು. ದಿಂಬು ಏಕೆ ಬೇಕಾಗಿತ್ತೆಂದು ಆಗ ತಿಳಿಯಿತು.

ಭಾರತೀಯರ ಮೈ ಅಳತೆಗಳನ್ನು ತೆಗೆದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರು 1997ರಲ್ಲಿ ದೇಬ್‌ಕುಮಾರ್ ಚಕ್ರಬರ್ತಿಯವರ ಒಂದು ಪುಸ್ತಕವನ್ನು ಹೊರತಂದಿದ್ದಾರೆ. ಯಂತ್ರ, ಕುರ್ಚಿ, ಉಪಕರಣ ಮಾಡುವವರಿಗೆ ಅದು ಬೇಕು. ನಮ್ಮ ಕೆಲಸಕ್ಕೆ ಒಂದು ಅಳತೆ ಟೇಪು, ಒಂದು ಸೀಮೆಸುಣ್ಣ ಸಾಕಾಯಿತು.

ಮಾಡಿದ ಕೆಲಸ ಇಷ್ಟು. ಸೀಟಿನ ಪೆಟ್ಟಿಗೆಯನ್ನು ಬಿಚ್ಚಿ, ಅದರ ಕೆಳಗೆ ಎರಡು ಕೋನಪಟ್ಟಿಗಳನ್ನು ಹಾಕಿಸಿದೆವು. ಪಟ್ಟಿಯಲ್ಲಿ ದುಂಡು ತೂತಿನ ಬದಲು ಐದಿಂಚಿನ ಉದ್ದ ತೂತು ಕೊರೆಸಿದೆವು. ನಾಲ್ಕು ಬೋಲ್ಟು ಸಡಿಲಿಸಿದರೆ ಸೀಟು ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ, ಬಿಗಿದರೆ ಅಲುಗುವುದಿಲ್ಲ. ಹುಡುಗನಿಗೆ ಮೂರಿಂಚು ಮುಂದೆ ಬೇಕಾಯಿತು. ತಲೆದಿಂಬಿನ ಬದಲು ಒಂದು ಹಲಗೆಗೆ ನಾರು ತುಂಬಿ ರೆಕ್ಸಿನ್ ಹೊದಿಸಿ, ಸೀಟಿನ ಚೌಕಟ್ಟಿಗೇ ಬೋಲ್ಟು ಹಾಕಿ ಕೂರಿಸಿದೆವು. ಈ ಕೆಲಸದಲ್ಲಿ ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಕಾಲು ಮುಂದಕ್ಕೆ ಎಷ್ಟು ತಳ್ಳುತ್ತದೆಯೋ ಬೆನ್ನು ಹಿಂದಕ್ಕೆ ಅಷ್ಟೇ ತಳ್ಳುತ್ತದೆ. ಬೆನ್ನಿಗೆ ಗೋಡೆಯಿಲ್ಲದವನು ಬ್ರೇಕು ಒತ್ತಲಾರ. ಸಡಿಲವಾದ ದಿಂಬು, ಮಡಿಸಿದ ಕಂಬಳಿ, ಗೋಣಿಚೀಲ ಯಾವುದೂ ಬೇಡ.

ಆಮೇಲೆ ಹಿಮ್ಮಡಿಯ ವಿಷಯ. ಆಕ್ಸಿಲರೇಟರನ್ನು ಒತ್ತುವ ಕಾಲಿನ ಹಿಮ್ಮಡಿ ನೆಲದ ಮೇಲೆ ನಿಂತಿರಬೇಕು, ಇಲ್ಲವಾದರೆ ತೊಡೆ ನೋಯುತ್ತದೆ, ಕಾಲು ನಡುಗಿ ಗಾಡಿ ಜಗ್ಗುತ್ತದೆ. ಹುಡುಗನ ಹಿಮ್ಮಡಿ ಗಾಳಿಯಲ್ಲಿತ್ತು. ಅಲ್ಲಿಗೆ ಒಂದೂವರೆ ಇಂಚು ದಪ್ಪದ ಹಲಗೆಯ ತುಂಡು, ಮೇಲೆ ಹಳೆಯ ಟೈರಿನ ರಬ್ಬರು, ತಗ್ಗಿದ ತಲೆಯ ಸ್ಕ್ರೂ. ಆದರೆ ಒಂದು ಎಚ್ಚರಿಕೆ: ಹಲಗೆ ಹಿಮ್ಮಡಿ ಊರುವ ಜಾಗದಲ್ಲಿ ಮಾತ್ರ ಇರತಕ್ಕದ್ದು. ಬ್ರೇಕಿನ ಮತ್ತು ಕ್ಲಚ್ಚಿನ ತಟ್ಟೆಗಳ ಕೆಳಗೆ ಅರ್ಧ ಇಂಚೂ ಬರಕೂಡದು. ಬಂದರೆ ನಾನು ಮೇಲೆ ಹೇಳಿದ, ನೆಲಕ್ಕೆ ಬಡಿಯುವ ತೊಂದರೆಯನ್ನು ನಾವೇ ಹಲಗೆ ಹೊಡೆದು ತಂದುಕೊಂಡಂತಾಯಿತು. ಪೆಡಲನ್ನು ಕೈಯಿಂದ ಕೊನೆಯವರೆಗೆ ಒತ್ತಿ, ಎಲ್ಲಿಯೂ ತಾಗುವುದಿಲ್ಲವೆಂದು ಕಣ್ಣಾರೆ ನೋಡಿಯೇ ಸ್ಕ್ರೂ ಹಾಕಬೇಕು.

ಇಷ್ಟಾದ ಮೇಲೂ ಕ್ಲಚ್ಚಿನ ತಟ್ಟೆ ಒಂದು ಚೂರು ದೂರವೆನಿಸಿತು. ಅದಕ್ಕೆ ಇರುವ ತಟ್ಟೆಯ ಮೇಲೆಯೇ ಮುಕ್ಕಾಲು ಇಂಚಿನ ಕಬ್ಬಿಣದ ಪಟ್ಟಿ, ಅದರ ಮೇಲೆ ರಬ್ಬರು, ಎರಡು ಬೋಲ್ಟು, ಹಿಂದೆ ಎರಡೆರಡು ನಟ್ಟು. ಪೆಡಲ್ ಕೈಯನ್ನು ಮುಟ್ಟಲಿಲ್ಲ. ಪಿನ್ನಿನಿಂದ ತಟ್ಟೆಗಿದ್ದ ದೂರ ಬಹಳ ಬದಲಾಗದೆ ಇರುವುದರಿಂದ ಲೆಕ್ಕವೂ ಕೆಡುವುದಿಲ್ಲ. ಬೇಡವೆನಿಸಿದ ದಿನ ಬಿಚ್ಚಿದರೆ ಲಾರಿ ಮೊದಲಿನಂತೆಯೇ ಇರುತ್ತದೆ. ಹಳೆಯ ಲಾರಿಯ ಒಂದು ಮೊಳೆಯನ್ನೂ ಬದಲಾಯಿಸಬಾರದೆಂಬ ಅಭಿಮಾನಿಗಳು ನಮ್ಮಲ್ಲಿಯೂ ಕೆಲವರಿದ್ದಾರೆ, ಅವರಿಗೂ ಇದರಿಂದ ಬೇಸರವಾಗಬೇಕಾಗಿಲ್ಲ. ಬ್ರೇಕಿನ ತಟ್ಟೆಗೆ ಹಳೆಯ ನುಣುಪಾದ ರಬ್ಬರನ್ನು ತೆಗೆದು ಹೊಸದು ಹಾಕಿದೆವು, ಅಷ್ಟೆ. ತಟ್ಟೆಯನ್ನು ಅಗಲ ಮಾಡುವ ಆಸೆ ಕೆಲವರಿಗಿರುತ್ತದೆ. ಬಲಕ್ಕೆ ಅಗಲವಾದರೆ ಚಪ್ಪಲಿಯ ಅಂಚು ಬ್ರೇಕನ್ನೂ ಆಕ್ಸಿಲರೇಟರನ್ನೂ ಒಟ್ಟಿಗೆ ತುಳಿಯುತ್ತದೆ.

ಆಕ್ಸಿಲರೇಟರಿನ ಸರಳಿನಲ್ಲಿ ಮರೆ ಇರುವುದರಿಂದ ಅದನ್ನು ತಿರುಗಿಸಿ ತಟ್ಟೆಯ ಎತ್ತರವನ್ನು ಹೊಂದಿಸಬಹುದು. ಹೊಂದಿಸಿದ ಮೇಲೆ ಎರಡನ್ನು ನೋಡಬೇಕು: ಪೂರ್ತಿ ಒತ್ತಿದಾಗ ಇಂಜಿನು ಪೂರ್ತಿ ಏರುತ್ತದೆಯೆ, ಕಾಲು ತೆಗೆದ ಕೂಡಲೆ ಕೆಳಕ್ಕೆ ಇಳಿಯುತ್ತದೆಯೆ. ಎರಡನೆಯದು ಮುಖ್ಯ. ಎಳೆಯುವ ಸ್ಪ್ರಿಂಗು ಸೋತಿದ್ದರೆ ಹೊಸದು ಹಾಕಿಸಿ. ಅದರ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ.

ಕ್ಲಚ್ಚಿನಲ್ಲಿ ಫಿಟ್ಟರುಗಳು ಪ್ಲೇ ಎನ್ನುವ ಬಿಡುವು ಇರುತ್ತದೆ: ತಟ್ಟೆಯನ್ನು ಬೆರಳಿನಿಂದ ಒತ್ತಿದರೆ ಮೊದಲು ಸ್ವಲ್ಪ ದೂರ ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುವುದು. ತಟ್ಟೆ ಹತ್ತಿರ ಬರಲಿ ಎಂದು ಸರಳು ಬಿಗಿದು ಈ ಬಿಡುವನ್ನು ತೆಗೆದುಬಿಡುವ ಬುದ್ಧಿವಂತರಿದ್ದಾರೆ. ಬಿಡುವಿಲ್ಲದ ಕ್ಲಚ್ಚು ಸದಾ ಅರ್ಧ ತುಳಿದಂತೆಯೇ ಇರುತ್ತದೆ. ಪ್ಲೇಟು ಜಾರಿ ಸುಡುತ್ತದೆ, ರಿಲೀಸ್ ಬೇರಿಂಗು ಕಿರುಚುತ್ತದೆ. ಬ್ರೇಕಿನದೂ ಹಾಗೆಯೇ. ಎತ್ತರವಾದ ತಟ್ಟೆಯ ಮೇಲೆ ದಣಿದ ಕಾಲು ತಾನಾಗಿ ಒರಗುತ್ತದೆ. ಬ್ರೇಕು ಸಣ್ಣಗೆ ಉಜ್ಜುತ್ತಲೇ ಇರುತ್ತದೆ. 27 ತಿರುವು ಉಜ್ಜಿದ ಡ್ರಮ್ಮು ಕೆಳಗಿನ ತಿರುವುಗಳಿಗೆ ಬರುವಷ್ಟರಲ್ಲಿ ಕಾದು, ಬೇಕಾದಾಗ ಹಿಡಿಯದೆ ಕೈಕೊಡುತ್ತದೆ. ಆದುದರಿಂದ ಎಡಗಾಲನ್ನು ಕ್ಲಚ್ಚಿನ ಪಕ್ಕದಲ್ಲಿ ಇಟ್ಟುಕೊಳ್ಳಲು ಒಂದು ಇಳಿಜಾರು ಹಲಗೆಯನ್ನೂ ಹೊಡೆಸಿದೆವು. ಹುಡುಗನಿಗೆ ಎಲ್ಲಕ್ಕಿಂತ ಹಿತವಾದದ್ದು ಅದೇ ಅಂತೆ.

ಒಟ್ಟು ಖರ್ಚು ಎರಡು ಸಾವಿರದ ಎಂಟುನೂರು ರೂಪಾಯಿ, ಎರಡು ದಿನದ ಬಾಡಿಗೆ ನಷ್ಟ. ವೆಲ್ಡಿಂಗಿನವನ ಮುನ್ನೂರಕ್ಕೆ ಹೋಲಿಸಿದರೆ ಹೆಚ್ಚು. ಒಂದು ಟೈರಿನ ಬೆಲೆಗೆ ಹೋಲಿಸಿದರೆ ಏನೂ ಅಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನು, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾಲೀಕರು ಬದಲಾಯಿಸಬಾರದೆನ್ನುತ್ತದೆ. ನೆರೆಯ ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಸೀಟು ಸರಿಸಿದ್ದಕ್ಕೆ ಯಾರೂ ಜೈಲಿಗೆ ಹಾಕುವುದಿಲ್ಲ. ಆದರೂ ಬೋಲ್ಟು ಹಾಕಿದ ಈ ಸಣ್ಣ ಕೆಲಸಗಳನ್ನೂ ಎಫ್.ಸಿ.ಗೆ ಹೋದಾಗ ಇನ್ಸ್‌ಪೆಕ್ಟರಿಗೆ ನಾವಾಗಿಯೇ ತೋರಿಸುವುದು ಲೇಸು. ಬ್ರೇಕಿನ ಪೆಡಲನ್ನು ಕತ್ತರಿಸಿ ಬೆಸೆದಿದ್ದರೆ ತೋರಿಸಲು ಮುಖವಿರುತ್ತಿತ್ತೆ?

ಸಂತೆಯ ದಿನ ಈ ಮಾತು ಬಂದಾಗ ಒಬ್ಬ ಲಾರಿ ಮಾಲೀಕರು, “ಡ್ರೈವರಿಗೆ ಅಷ್ಟು ಸುಖ ಕೊಟ್ರೆ ನಿದ್ದೆ ಹೊಡೀತಾನೆ ಮೇಷ್ಟ್ರೇ” ಎಂದರು. ಇದು ಬಹಳ ಜನ ಹೇಳುವ ಮಾತು, ಹೀಗಾಗಿ ಉತ್ತರ ಹೇಳಬೇಕು. ನಿದ್ದೆ ಬರುವುದು ದಣಿವಿನಿಂದ. ಸೊಂಟ ನೋಯುತ್ತಾ, ತೊಡೆ ಬಿಗಿಹಿಡಿದುಕೊಂಡು ನಾಲ್ಕು ಗಂಟೆ ಕೂತವನು, ಆರಾಮವಾಗಿ ಕೂತವನಿಗಿಂತ ಮೊದಲೇ ದಣಿಯುತ್ತಾನೆ. ನೋವಿನಿಂದ ಎಚ್ಚರವಾಗಿರುವುದಾದರೆ ನಮ್ಮ ಶಾಲೆಯ ಮಕ್ಕಳನ್ನೂ ಮುಳ್ಳಿನ ಮೇಲೆ ಕೂರಿಸಬಹುದಾಗಿತ್ತು! ಸರ್ಕಾರವೇ 2023ರ ಡಿಸೆಂಬರಿನಲ್ಲಿ, 2025ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂದು ನಿಯಮ ಮಾಡಿತು. ಬಿಸಿಲಲ್ಲಿ ಬೇಯುವವನು ಚೆನ್ನಾಗಿ ಓಡಿಸುತ್ತಾನೆಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಹೊಸ ಲಾರಿಗಳಲ್ಲಿ ಸೀಟು ತಾನಾಗಿ ಸರಿಯುತ್ತದೆ, ಕ್ಲಚ್ಚು ಹಗುರ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದ ನಮ್ಮಂಥವರ ಡ್ರೈವರುಗಳಿಗೂ ಮಂಡಿಗಳು ಎರಡೇ ಇರುವುದು.

ಟ್ರಾಕ್ಟರಿರುವವರೂ ಒಂದು ಸಲ ತಮ್ಮ ಸೀಟು ನೋಡಿಕೊಳ್ಳಲಿ. ಬಹುಪಾಲು ಟ್ರಾಕ್ಟರುಗಳ ಸೀಟು ಸರಿಯುತ್ತದೆ. ತುಕ್ಕು ಹಿಡಿದು ಸರಿಯುವುದನ್ನು ಮರೆತಿರುತ್ತದೆ, ಅಷ್ಟೆ. ಸ್ವಲ್ಪ ಎಣ್ಣೆ ಬಿಟ್ಟರೆ ಸಾಕು. ಅಲ್ಲಿ ಬಲಕ್ಕೆ ಎರಡು ಬ್ರೇಕು ಪೆಡಲುಗಳಿರುತ್ತವೆ, ಹೊಲದಲ್ಲಿ ತಿರುಗಿಸಲೆಂದು ಬೇರೆ ಬೇರೆ. ರಸ್ತೆಗೆ ಬರುವಾಗ ಅವೆರಡನ್ನೂ ಕೂಡಿಸುವ ಕೊಂಡಿಯನ್ನು ಹಾಕಲೇಬೇಕು. ಸಣ್ಣ ಕಾಲಿನ ಹುಡುಗರು ಒಂದನ್ನೇ ತುಳಿದು ಟ್ರೈಲರು ಮಗುಚಿಕೊಳ್ಳುವುದು ಇದರಿಂದಲೇ. ಹುಡುಗರು ಎಂದರೆ ಲೈಸೆನ್ಸು ಇರುವವರು. ಶಾಲೆಗೆ ಬರಬೇಕಾದವರನ್ನು ಟ್ರಾಕ್ಟರು ಹತ್ತಿಸುವವರ ವಿಷಯ ಇನ್ನೊಂದು ದಿನ ಬರೆಯುತ್ತೇನೆ.

ಮೊನ್ನೆ ನಮ್ಮ ಹಳೆಯ ಡ್ರೈವರಣ್ಣ ಕೋಲೂರಿಕೊಂಡು ಮನೆಗೆ ಬಂದಿದ್ದರು. ಲಾರಿ ಬಾಗಿಲಲ್ಲಿತ್ತು. ಹುಡುಗನೇ ಬೋಲ್ಟು ಸಡಿಲಿಸಿ, ಸೀಟನ್ನು ಕೊನೆಯವರೆಗೆ ಹಿಂದಕ್ಕೆ ತಳ್ಳಿ, ಕೈಹಿಡಿದು ಹತ್ತಿಸಿದ. ಕೂತು ಎಡಗಾಲಿನಿಂದ ಕ್ಲಚ್ಚು ಒತ್ತಿ ನೋಡಿದರು. ಮಂಡಿ ಚಕ್ರಕ್ಕೆ ತಾಗಲಿಲ್ಲ. ಇನ್ನೊಂದು ಸಲ ಒತ್ತಿ ನೋಡಿದರು. “ಇದು ಇಷ್ಟೇ ಇತ್ತಾ ಮೇಷ್ಟ್ರೇ?” ಎಂದರು. ನಾನು ಕಾಫಿ ತರುತ್ತೇನೆಂದು ಒಳಗೆ ಹೋದೆ.

ಸೀಟಿನ ಕೆಳಗಿನ ಪಟ್ಟಿಗಳನ್ನು ಹೇಗೆ ಹಾಕಿದೆ ಎಂದು ನೋಡಬೇಕೆನ್ನುವವರು ಭಾನುವಾರ ಬೆಳಿಗ್ಗೆ ಬರಬಹುದು. ಅಳತೆ ಟೇಪು ನನ್ನಲ್ಲಿದೆ. ಡ್ರೈವರನನ್ನು ಮಾತ್ರ ತಪ್ಪದೆ ಕರೆದುಕೊಂಡು ಬನ್ನಿ. ಸೋಮವಾರ ಬಂದರೆ ಲಾರಿ ಇರುವುದಿಲ್ಲ, ಕೋಸು ಕೊಯ್ಲಿಗೆ ಬಂದಿದೆ.